ಕೋನಿನ ಒಳಪದರದಲ್ಲಿ ಉಳಿದಿದ್ದ ತಪ್ಪು: ಶೆನಿಲ್ ನೂಲಿನ ಒಂದು ಅನುಭವ

ಶೆನಿಲ್ ನೂಲಿನ ಗುಣಮಟ್ಟ ಪರೀಕ್ಷಿಸುವ ವಿಭಾಗಕ್ಕೆ ನಾನು ಸೇರಿದ ಹೊಸತರಲ್ಲಿ, ಬಟ್ಟೆಯಿಂದ ಪೈಲ್, ಅಂದರೆ ನೂಲಿನ ಮೈಮೇಲಿನ ರೋಮದಂಥ ಗಿಡ್ಡ ಎಳೆ, ಉದುರುತ್ತಿದೆ ಎಂಬ ದೂರು ಬಂದಾಗಲೆಲ್ಲ ನಾವು ಮೊದಲು ದೂರುತ್ತಿದ್ದುದು ನಾರನ್ನು. ವಿಸ್ಕೋಸ್ ನಾರು ಇದ್ದ ಮೇಲೆ ಉದುರುವುದು ಇದ್ದದ್ದೇ ಎಂದು ಹೇಳಿ ಕಡತ ಮುಚ್ಚುತ್ತಿದ್ದೆವು. ಒದ್ದೆಯಾದಾಗ ವಿಸ್ಕೋಸಿನ ಬಲ ಬಹಳ ಕುಗ್ಗುತ್ತದೆ ಎಂಬುದು ನಿಜವೇ ಆದ್ದರಿಂದ ಆ ಮಾತನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ. ಆದರೆ ಒಮ್ಮೆ ಹಿಂದಿರುಗಿ ಬಂದ ಸೋಫಾ ಬಟ್ಟೆಯಲ್ಲಿ ಪೈಲ್ ಎಲ್ಲೆಡೆ ಉದುರಿರಲಿಲ್ಲ. ಅಡ್ಡಡ್ಡ ಪಟ್ಟಿಗಳಲ್ಲಿ ಮಾತ್ರ ಸವೆದು, ನಡುನಡುವೆ ತಳದ ನೂಲು ಬೋಳಾಗಿ ಕಾಣುತ್ತಿತ್ತು. ನಾರು, ಬಣ್ಣ, ಮಗ್ಗ ಎಲ್ಲವೂ ಒಂದೇ ಆಗಿರುವಾಗ ಒಂದು ಪಟ್ಟಿ ಗಟ್ಟಿ, ಮುಂದಿನದು ಸಡಿಲ ಆದದ್ದು ಹೇಗೆ?

ಉತ್ತರ ತಿಳಿಯಲು ನೂಲು ಹುಟ್ಟುವ ಬಗೆಯನ್ನು ನೋಡಬೇಕು. ಯಂತ್ರದ ತಿರುಗುವ ತಲೆಯು ಪೈಲ್ ನೂಲನ್ನು ಗೇಜ್ ಎಂಬ ಲೋಹದ ಪಟ್ಟಿಗೆ ಸುತ್ತುತ್ತಾ ಹೋಗುತ್ತದೆ. ಆ ಸುತ್ತುಗಳು ಕೆಳಗೆ ಜಾರಿದಾಗ ಚಕ್ರಾಕಾರದ ಬ್ಲೇಡ್ ಅವನ್ನು ಕತ್ತರಿಸುತ್ತದೆ. ತುಂಡಾದ ಎಳೆಗಳನ್ನು ತಳದ ನೂಲಾಗುವ ಎರಡು ಕೋರ್ ನೂಲುಗಳು ನಡುವೆ ಹಿಡಿದುಕೊಳ್ಳುತ್ತವೆ, ಸ್ಪಿಂಡಲ್ ಅವೆರಡನ್ನೂ ಹೊಸೆದು ಹುರಿ ಕೂರಿಸುತ್ತದೆ. ಗೇಜಿನ ಅಗಲ ಪೈಲಿನ ಉದ್ದವನ್ನು ನಿರ್ಧರಿಸುತ್ತದೆ. ತಲೆಯ ವೇಗಕ್ಕೂ ಕೋರ್ ಸಾಗುವ ವೇಗಕ್ಕೂ ಇರುವ ಅನುಪಾತ ಪೈಲಿನ ದಟ್ಟಣೆಯನ್ನು ನಿರ್ಧರಿಸುತ್ತದೆ. ಫ್ರೆಂಚ್ ಭಾಷೆಯಲ್ಲಿ ಶೆನಿಲ್ ಎಂದರೆ ಕಂಬಳಿಹುಳು, ಮತ್ತು ಹೆಸರು ತಕ್ಕುದಾಗಿಯೇ ಇದೆ. ಆದರೆ ಕಂಬಳಿಹುಳುವಿನ ರೋಮಕ್ಕೆ ಬೇರಿದೆ, ಶೆನಿಲ್‌ನ ಪೈಲಿಗೆ ಬೇರಿಲ್ಲ. ಅದನ್ನು ಹಿಡಿದಿಡುವುದು ಕೋರ್ ನೂಲುಗಳ ಒತ್ತಡ ಮಾತ್ರ.

ಈ ಹಿಡಿತವನ್ನು ಬಿಗಿಗೊಳಿಸಲು ನಮ್ಮಲ್ಲಿ ಕೋರ್ ಜೊತೆಗೆ ಕಡಿಮೆ ಶಾಖದಲ್ಲೇ ಕರಗುವ ನೈಲಾನ್ ಎಳೆಯೊಂದನ್ನು ಓಡಿಸುತ್ತಿದ್ದೆವು. ಸುಮಾರು 85 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ಬಗೆಗಳೂ ಇವೆ. ನೂಲು ಸುತ್ತಿದ ಉರುಳೆಗಳಾದ ಕೋನುಗಳನ್ನು ಹಬೆಯ ಪಾತ್ರೆಯಲ್ಲಿಟ್ಟಾಗ ಅದು ಕರಗಿ, ತಣಿದಾಗ ಪೈಲಿನ ಬುಡವನ್ನು ಕೋರಿಗೆ ಅಂಟಿಸುತ್ತದೆ. ಹಿಂದಿರುಗಿದ ಬಟ್ಟೆಯ ನೂಲಿನದೇ ಬ್ಯಾಚಿನ ಒಂದು ಕೋನನ್ನು ತಂದು, ಹೊರಪದರದಿಂದಲೂ ಒಳಪದರದಿಂದಲೂ ಒಂದೊಂದು ಗೇಣು ನೂಲು ಕತ್ತರಿಸಿ, ಕಪ್ಪು ಹಾಳೆಯ ಮೇಲೆ ಹಿಡಿದು ಹುರಿ ಬಿಚ್ಚಿದೆ. ಹೊರಗಿನ ತುಂಡಿನಲ್ಲಿ ಎಳೆಗಳು ಕೋರಿಗೆ ಕಚ್ಚಿಕೊಂಡೇ ಇದ್ದವು, ಉಗುರಿನಿಂದ ಕೆರೆದರೂ ಕೆಲವೇ ಬಿದ್ದವು. ಒಳಗಿನ ತುಂಡಿನ ಹುರಿ ಸಡಿಲುತ್ತಲೇ ಹಾಳೆ ಬೆಳ್ಳಗಾಯಿತು.

ಉದುರಿದ ಪಟ್ಟಿಗಳೆಲ್ಲ ಕೋನಿನ ಒಳಪದರದ ನೂಲು ಹೊಕ್ಕಾಗಿ (ಅಡ್ಡ ನೂಲಾಗಿ) ಬಿದ್ದ ಜಾಗಗಳೇ ಆಗಿದ್ದವು. ಬಿಗಿಯಾಗಿ ಸುತ್ತಿದ ಕೋನಿನೊಳಗೆ ಸಿಕ್ಕಿಬಿದ್ದ ಗಾಳಿ ಹಬೆಗೆ ಅಡ್ಡ ಬರುತ್ತದೆ. ಪಾತ್ರೆಯ ಮಾಪಕ ತೋರಿಸುವ ಶಾಖ ಒಳಪದರಕ್ಕೆ ತಲುಪಿರಬೇಕೆಂದೇನಿಲ್ಲ. ಸರದಿಗಳ ನಡುವೆ ಸಮಯ ಉಳಿಸಲು ನಿರ್ವಾತ ಎಳೆದು ಗಾಳಿ ತೆಗೆಯುವ ಹಂತವನ್ನು ಮೊಟಕುಗೊಳಿಸಿದ್ದು ಆಮೇಲೆ ಗೊತ್ತಾಯಿತು. ಅದನ್ನು ಒಪ್ಪಿದವರ ಸಾಲಿನಲ್ಲಿ ನನ್ನ ಸಹಿಯೂ ಇತ್ತು.

ಹುರಿಯ ವಿಷಯದಲ್ಲೂ ಇಂಥದೇ ಸೆಳೆತವಿದೆ. ಸ್ಪಿಂಡಲ್ ನಿಮಿಷಕ್ಕೆ 8,000 ಸುತ್ತು ತಿರುಗುವಾಗ ಮೀಟರಿಗೆ 800 ಹುರಿ ಕೊಟ್ಟರೆ ನಿಮಿಷಕ್ಕೆ 10 ಮೀಟರ್ ನೂಲು ಬರುತ್ತದೆ, 640ಕ್ಕೆ ಇಳಿಸಿದರೆ 12.5 ಮೀಟರ್. ನೂಲು ಮೆತ್ತಗೂ ಆಗುವುದರಿಂದ ಕೈಗೆ ಹಿತವೆನಿಸಿ, ಮಾದರಿ ನೋಡಿದವರು ಮೆಚ್ಚಿಯೇ ಬಿಡುತ್ತಾರೆ. ಹಿಡಿತ ಕುಗ್ಗಿದ್ದು ಮೇಲ್ನೋಟಕ್ಕೆ ಕಾಣುವುದಿಲ್ಲ. ಹಾಗೆಂದು ಹುರಿ ಏರಿಸುತ್ತಲೇ ಹೋಗುವಂತಿಲ್ಲ: ಅತಿಯಾದರೆ ನೂಲು ಒರಟಾಗಿ ಗಂಟು ಸುತ್ತಿಕೊಳ್ಳುತ್ತದೆ, ಸಡಿಲ ಹೆಣಿಗೆಯಲ್ಲಿ ಬಟ್ಟೆಯಿಂದ ಹುಳುಗಳಂತೆ ಕುಣಿಕೆಗಳು ಹೊರಗೆ ಏಳುತ್ತವೆ. ಬ್ಲೇಡ್ ಮೊಂಡಾದರೆ ಆಗುವ ತೊಂದರೆ ಬೇರೆಯೇ; ತುದಿಗಳು ಒಂದೇ ಸಮ ಬಾರದೆ ನೂಲು ಕೆದರಿದಂತಿರುತ್ತದೆ, ಆದರೆ ಅದು ಕಣ್ಣಿಗೆ ಕಾಣುವುದರಿಂದ ಬೇಗ ಸಿಕ್ಕಿಬೀಳುತ್ತದೆ.

ಈಗ ಹಬೆಯಿಂದ ಹೊರಬಂದ ಪ್ರತಿ ಬ್ಯಾಚಿನಲ್ಲೂ ಒಂದು ಕೋನನ್ನು ತಳದವರೆಗೆ ಸೀಳಿ, ಒಳಪದರದ ನೂಲಿನ ಹುರಿ ಬಿಚ್ಚಿ ನೋಡಿದ ಮೇಲೆಯೇ ಸಹಿ ಹಾಕುತ್ತೇನೆ. ಒಳ್ಳೆಯ ಕೋನೊಂದು ಸುಮ್ಮನೆ ಹಾಳಾಯಿತೆಂದು ಉತ್ಪಾದನೆಯವರು ಇಂದಿಗೂ ಗೊಣಗುತ್ತಾರೆ.