ಜಿಪ್ಸಿಯ ಮಿಸ್ಸಿಂಗ್: ಒಂದು ಕರೆಂಟಿನದು, ಒಂದು ಗಾಳಿಯದು

ಕಲಬುರಗಿ, 11 ಮೇ 2025, ಭಾನುವಾರ

ಕಾಕಾನ ಮಾರುತಿ ಜಿಪ್ಸಿಯ ಮಿಸ್ಸಿಂಗ್, ಅಂದರೆ ಸಿಲಿಂಡರ್ ಸರಿಯಾಗಿ ಉರಿಯದೆ ಎಂಜಿನ್ ತಡವರಿಸುವ ರೋಗ, ಕೊನೆಗೂ ಹೋಯಿತು. 1998ರ ಜಿಪ್ಸಿ ಕಿಂಗ್, 1298 ಸಿಸಿ, ಕಾರ್ಬೊರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಇರುವ ಎಂಜಿನ್ನು. ಹೊಲದ ದಾರಿಗೆ, ಮಳೆಗಾಲದ ಎರಿ ಕೆಸರಿಗೆ ಇದರಂಥ ಗಾಡಿ ನನಗೆ ಇನ್ನೊಂದು ಗೊತ್ತಿಲ್ಲ. ಆದರೆ ಇತ್ತೀಚೆಗೆ ನಿಂತಲ್ಲಿ ಗಡಗಡ ನಡುಗುತ್ತಿತ್ತು, ಸಿಗ್ನಲ್‌ನಲ್ಲಿ ಆಫ್ ಆಗುತ್ತಿತ್ತು, ಏರಿನಲ್ಲಿ ಜಗ್ಗುತ್ತಿತ್ತು. ಒಂದು ಗ್ಯಾರೇಜಿನವರು ಐಡ್ಲಿಂಗ್ (ನಿಂತಲ್ಲಿ ಎಂಜಿನ್ ಓಡುವ ವೇಗ) ಸ್ಕ್ರೂ ತಿರುವಿ ರೇಸ್ ಏರಿಸಿ, ಕಾರ್ಬೊರೇಟರ್ ಹೊಸದೇ ಹಾಕಿಸಿರಿ ಅಂತ ಹೇಳಿ ಕಳಿಸಿದ್ದರು. ಯಾವ ಸಿಲಿಂಡರ್ ಕೆಲಸ ಬಿಟ್ಟಿದೆ ಅಂತ ನೋಡದೆ ಸಾಮಾನು ಬದಲಿಸುವುದಕ್ಕೆ ನಾನು ಎಂದೂ ಒಪ್ಪುವುದಿಲ್ಲ. ದುಡ್ಡು ಹೋಗುತ್ತದೆ, ರೋಗ ಉಳಿಯುತ್ತದೆ.

ಬಿಸಿಲು ಇಳಿದ ಮೇಲೆ ಬೇವಿನ ಮರದ ಕೆಳಗೆ ಬಾನೆಟ್ ಎತ್ತಿದೆ. ಪಕ್ಕದ ಮನೆಯ ಚಾಚಾ ಕುರ್ಚಿ ಹಾಕಿಕೊಂಡು ಕೂತರು. ಅವರ ಆಯುಷ್ಯವೆಲ್ಲ ಜೀಪು, ಜಿಪ್ಸಿಗಳ ರಿಪೇರಿಯಲ್ಲೇ ಕಳೆದದ್ದು.

ಮೊದಲು ಕಂಪ್ರೆಶನ್, ಅಂದರೆ ಸಿಲಿಂಡರ್ ಒಳಗೆ ಗಾಳಿ ಒತ್ತುವ ಬಲ. ಪ್ಲಗ್ ಎಲ್ಲಾ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆದರೆ ನಾಲ್ಕೂ ಹೆಚ್ಚುಕಡಿಮೆ ಒಂದೇ ತೋರಿಸಿದವು. ಎಂಜಿನ್ ಗಟ್ಟಿ ಇದೆ, ವಾಲ್ವ್ ಸುಟ್ಟಿಲ್ಲ ಎಂಬ ಧೈರ್ಯ ಬಂತು. ಪ್ಲಗ್‌ಗಳ ಬಣ್ಣವೂ ಅರ್ಧ ಕಥೆ ಹೇಳಿತು: ಮೂರನೆಯದು ಕಪ್ಪಗೆ, ಪೆಟ್ರೋಲ್ ವಾಸನೆಯ ಒದ್ದೆ, ಉಳಿದ ಮೂರೂ ಬಿಳಿಚಿಕೊಂಡಿದ್ದವು. ಒದ್ದೆ ಅಂದರೆ ಅಲ್ಲಿ ಉರಿಯುತ್ತಿಲ್ಲ. ಬಿಳುಪು ಅಂದರೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಒಂದೇ ಎಂಜಿನ್ನಿನಲ್ಲಿ ಎರಡು ಬೇರೆ ದೂರು.

ಪ್ಲಗ್ ತುದಿಯಲ್ಲಿ ಕಿಡಿ ಹಾರುವ ಗ್ಯಾಪ್ 0.7ರಿಂದ 0.8 ಮಿ.ಮೀ. ನಡುವೆ ಇಟ್ಟು, ಮೂರನೆಯ ಪ್ಲಗ್ ಒಂದಕ್ಕೆ, ಒಂದರದು ಮೂರಕ್ಕೆ ಹಾಕಿದೆ. ಆಮೇಲೆ ಎಂಜಿನ್ ಚಾಲೂ ಇರುವಾಗಲೇ ರಬ್ಬರ್ ಹಿಡಿಯ ಇಕ್ಕಳದಿಂದ ಪ್ಲಗ್ ವೈರ್ ಒಂದೊಂದೇ ತೆಗೆದು ನೋಡಿದೆ. ಒಂದು, ಎರಡು, ನಾಲ್ಕು ತೆಗೆದಾಗ ಎಂಜಿನ್ ಕುಸಿಯಿತು. ಮೂರನೆಯದು ತೆಗೆದರೆ ಏನೂ ವ್ಯತ್ಯಾಸವಿಲ್ಲ. ಪ್ಲಗ್ ಬದಲಾದರೂ ರೋಗ ಮೂರರಲ್ಲೇ ನಿಂತಿದೆ ಅಂದಮೇಲೆ ತಪ್ಪು ವೈರಿನದು, ಇಲ್ಲವೇ ಡೆಲ್ಕೋ (ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್) ಕ್ಯಾಪಿನದು. ಕ್ಯಾಪಿನ ಒಳಗೆ ಕರಿ ಗೆರೆ, ಬಿರುಕು ಇರಲಿಲ್ಲ. ವೈರನ್ನು ಮೀಟರ್‌ಗೆ ಹಚ್ಚಿದರೆ ಉಳಿದವುಗಳ ಹಾಗೆಯೇ ತೋರಿಸಿತು.

"ಮೀಟರ್ ಒಳಗಿನ ತಂತಿ ನೋಡ್ತದ, ಮ್ಯಾಲಿನ ರಬ್ಬರ್ ನೋಡಂಗಿಲ್ಲ. ಕತ್ತಲಾಗ್ಲಿ ತಡಿ ಬೇಟಾ," ಅಂದರು ಚಾಚಾ.

ಕತ್ತಲಾದ ಮೇಲೆ ವೈರುಗಳ ಮೇಲೆ ತೆಳ್ಳಗೆ ನೀರು ಸಿಂಪಡಿಸಿ ಸ್ಟಾರ್ಟ್ ಮಾಡಿದೆವು. ಮೂರನೆಯ ವೈರ್ ಎಂಜಿನ್ನಿಗೆ ತಾಗುವ ಬಾಗಿನಲ್ಲಿ ಸೂಜಿಯಷ್ಟು ಸಣ್ಣ ನೀಲಿ ಕಿಡಿ ಟಿಕ್ ಟಿಕ್ ಅಂತ ಹಾರುತ್ತಿತ್ತು! ಎಣ್ಣೆ ಜಿಡ್ಡು, ಅದರ ಮೇಲೆ ನಮ್ಮ ಕರಿಮಣ್ಣಿನ ಧೂಳು, ಅದರ ಕೆಳಗೆ ಕೂದಲೆಳೆಯ ಸೀಳು. ಏರು ಹತ್ತುವಾಗ ಸಿಲಿಂಡರ್ ಒಳಗಿನ ಒತ್ತಡ ಹೆಚ್ಚುತ್ತದೆ, ಪ್ಲಗ್ ತುದಿಯಲ್ಲಿ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. ಹೊರಗೆ ಸುಲಭದ ದಾರಿ ಸಿಕ್ಕರೆ ಕರೆಂಟ್ ಅತ್ತಲೇ ಹೋಗುತ್ತದೆ.

ಕಾಕಾ ಡಬ್ಬಿಯಲ್ಲಿ ಇಟ್ಟಿದ್ದ ಬೇರೆ ವೈರ್ ಹಾಕಿದಾಗ ನಾಲ್ಕೂ ಸಿಲಿಂಡರ್ ಎದ್ದವು. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳು ಉರಿಯುವ ಸರದಿ, 1-3-4-2. ವೈರ್ ಮುಟ್ಟಿದಾಗಲೆಲ್ಲ ನಾನಿದನ್ನು ಒಮ್ಮೆ ಬಾಯಲ್ಲಿ ಹೇಳಿಕೊಂಡೇ ಸಿಕ್ಕಿಸುತ್ತೇನೆ. ಆದರೂ ಐಡ್ಲಿಂಗ್ ಮೇಲೆ ಕೆಳಗೆ ಆಡುವುದು ನಿಂತಿರಲಿಲ್ಲ. ಗಾಳಿ ತಡೆದು ಪೆಟ್ರೋಲಿನ ಪಾಲು ಹೆಚ್ಚಿಸುವ ಚೋಕ್ ಸ್ವಲ್ಪ ಎಳೆದರೆ ಮಾತ್ರ ಸರಿ.

"ಚೋಕ್ ಎಳೆದ್ರ ಛಲೋ ಓಡ್ಲತದಂದ್ರ ಗಾಳಿ ಎಲ್ಲೋ ಕಳ್ಳದಾರಿಲೆ ಒಳಗ ಹೊಂಟದ," ಅಂದರು ಚಾಚಾ.

ಹಾಗೇ ಇತ್ತು. ಐಡ್ಲಿಂಗ್‌ನಲ್ಲಿ ಥ್ರಾಟಲ್ (ಗಾಳಿಯ ಬಾಗಿಲು) ಮುಚ್ಚಿರುತ್ತದೆ, ಎಂಜಿನ್ ಎಳೆಯುವ ಗಾಳಿಯೇ ಕಡಿಮೆ. ಅದರಲ್ಲಿ ಸಣ್ಣ ಸೀಳಿನ ಗಾಳಿಯೂ ದೊಡ್ಡ ಪಾಲಾಗುತ್ತದೆ. ರೇಸ್ ಕೊಟ್ಟರೆ ಆ ಪಾಲು ಕರಗಿಹೋಗುತ್ತದೆ, ನಡುಕವೂ ಮಾಯ. ಎಂಜಿನ್ ಗಾಳಿ ಎಳೆಯುವ ಬಲವನ್ನು ಪಾದರಸದ ಇಂಚಿನಲ್ಲಿ ತೋರಿಸುವ ವ್ಯಾಕ್ಯೂಮ್ ಗೇಜ್ 13 ಇಂಚಿನ ಆಸುಪಾಸು ತೂಗಾಡುತ್ತಿತ್ತು. ಸಮುದ್ರಮಟ್ಟದಲ್ಲಿ ಒಳ್ಳೆಯ ಎಂಜಿನ್ 17ರಿಂದ 21 ಇಂಚು ತೋರಿಸುತ್ತದೆ. ಸಾವಿರ ಅಡಿಗೆ ಸುಮಾರು ಒಂದು ಇಂಚು ಇಳಿಯುತ್ತದೆ. ಕಲಬುರಗಿ ಇರುವುದು ಸುಮಾರು 450 ಮೀಟರ್ ಎತ್ತರದಲ್ಲಿ, ಅಂದರೆ ಒಂದೂವರೆ ಇಂಚು ಬಿಟ್ಟುಕೊಡಬಹುದು. 13 ಯಾವ ಲೆಕ್ಕಕ್ಕೂ ಸರಿಹೊಂದುವುದಿಲ್ಲ.

ಬಿಸಿ ಎಂಜಿನ್ ಮೇಲೆ ಸ್ಪ್ರೇ ಹೊಡೆದು ಲೀಕ್ ಹುಡುಕುವವರಿದ್ದಾರೆ. ಬೆಂಕಿಯ ಭಯ, ನನಗೆ ಬೇಡ. ರಬ್ಬರ್ ಪೈಪುಗಳನ್ನು ಒಂದೊಂದಾಗಿ ಬಟ್ಟೆ ಸುತ್ತಿದ ಇಕ್ಕಳದಿಂದ ಒತ್ತುತ್ತಾ ಬಂದೆ. ಮೊದಲಿನವನ್ನು ಒತ್ತಿದರೆ ಏನೂ ಆಗಲಿಲ್ಲ. ಪಿಸಿವಿ ಪೈಪ್ (ಎಂಜಿನ್ ತಳದ ಹೊಗೆಯನ್ನು ಮತ್ತೆ ಒಳಗೆ ಎಳೆಯುವ ಪೈಪ್) ಒತ್ತಿದ ಕೂಡಲೇ ಎಂಜಿನ್ ನೆಟ್ಟಗಾಯಿತು. ಬಿಚ್ಚಿ ನೋಡಿದರೆ ಮೇಲ್ಭಾಗ ಚೆನ್ನಾಗಿಯೇ ಇದೆ, ಕಣ್ಣಿಗೆ ಬೀಳದ ಕೆಳಬದಿಯಲ್ಲಿ ಬೆರಳಿನ ಉಗುರಿನಷ್ಟು ಬಿರಿದಿದೆ. ಇಲ್ಲಿಯ ಬೇಸಿಗೆಗೆ ರಬ್ಬರ್ ಬಾಳುವುದಿಲ್ಲ. ತುದಿಯ ಗಟ್ಟಿ ಭಾಗ ಉಳಿಸಿ, ಬಿರಿದದ್ದನ್ನು ಕತ್ತರಿಸಿ ಮರಳಿ ಸೇರಿಸಿದೆ. ಏರಿಸಿದ್ದ ರೇಸ್ ಇಳಿಸಿ ನಿಮಿಷಕ್ಕೆ 800 ಸುತ್ತಿಗೆ ತಂದೆ. ಗೇಜ್ 18ರಲ್ಲಿ ಅಲುಗದೆ ನಿಂತಿತು.

ರಾತ್ರಿ ರೈಲ್ವೆ ಓವರ್‌ಬ್ರಿಡ್ಜ್ ಏರನ್ನು ಬೇಕೆಂದೇ ನಾಲ್ಕನೇ ಗೇರಿನಲ್ಲಿ ಹತ್ತಿಸಿದೆ. ಒಂದು ಜಗ್ಗೂ ಇಲ್ಲ. ಕಾಕಾನಿಗೆ ಫೋನ್ ಮಾಡಿ ಹೇಳಿದೆ: ಕಾರ್ಬೊರೇಟರ್ ಹಳೆಯದೇ ಇರಲಿ, ವೈರ್ ಸೆಟ್ಟು ಮತ್ತು ಪಿಸಿವಿ ಪೈಪ್ ಎರಡನ್ನೂ ಹೊಸದು ತರೋಣ, ಉಳಿದ ಮೂರು ವೈರುಗಳಿಗೂ ಅಷ್ಟೇ ವಯಸ್ಸಾಗಿದೆ. ಟ್ಯಾಪೆಟ್ ಗ್ಯಾಪ್ (ವಾಲ್ವ್ ಮೇಲೆ ಬಿಡುವ ಸಣ್ಣ ಸಂದು) ಮಾತ್ರ ಬಾಕಿ, ಅದನ್ನು ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ನೋಡಬೇಕು.