ಮಗುಚಿಟ್ಟರೆ ನಿಲ್ಲುತ್ತಿದ್ದ ಕಾನ್‌ಸ್ಟಲೇಶನ್

ಸೋದರಮಾವನವರ ಹಳೆಯ ಕೈಗಡಿಯಾರ, ಒಮೆಗಾ ಕಾನ್‌ಸ್ಟಲೇಶನ್, ಮೊನ್ನೆ ರಾತ್ರಿಯಿಂದ ಮಗುಚಿಟ್ಟರೂ ನಿಲ್ಲದೆ ಓಡುತ್ತಿದೆ. ಅದರೊಳಗಿನ 551 ಎಂಬ ಸ್ವಯಂಚಾಲಿತ ಯಂತ್ರವನ್ನು ಬಿಚ್ಚಿ, ತೊಳೆದು, ಎಣ್ಣೆ ಹಾಕುವ ಕೆಲಸ ಎರಡು ಸಂಜೆಗಳಲ್ಲಿ ಮುಗಿದಿತ್ತು. ಉಳಿದ ಐದು ವಾರಗಳನ್ನು ಒಂದು ಗಾಜು ನುಂಗಿತು.

ಕೇಸಿನ ಹೊರಗೆ, ಬಡಿತ ಅಳೆಯುವ ಟೈಮಿಂಗ್ ಯಂತ್ರದ ಮೇಲೆ, ಗಂಟೆಗೆ 19,800 ಬಡಿತದ ಈ ಯಂತ್ರದ ತೂಗುಚಕ್ರ, ಡಯಲ್ ಮೇಲಿದ್ದರೂ ಕೆಳಗಿದ್ದರೂ 280 ಡಿಗ್ರಿಗೆ ಕಡಿಮೆಯಿಲ್ಲದೆ ತೂಗುತ್ತಿತ್ತು. ಕೇಸಿಗೆ ಕೂರಿಸಿ ಗಾಜು ಹಾಕಿದ ಮೇಲೆ ಮಾತ್ರ, ಮಗುಚಿಟ್ಟ ಕೆಲವೇ ನಿಮಿಷಗಳಲ್ಲಿ ನಿಂತುಬಿಡುತ್ತಿತ್ತು. ಕೈಯಾಡಿದಂತೆ ತಿರುಗಿ ತಾನೇ ಕೀಲಿ ಕೊಡುವ ರೋಟರ್ ಹಿಂಬದಿಯ ಮುಚ್ಚಳಕ್ಕೆ ತಗಲುತ್ತಿದೆಯೆಂದು ನಂಬಿ ಒಂದು ವಾರ ಕಳೆದೆ. ಹಾಗೆ ತಗಲುವುದಾದರೆ ಅದು ಡಯಲ್ ಮೇಲ್ಮುಖವಾಗಿದ್ದಾಗ ತಗಲಬೇಕಿತ್ತು ಎಂಬುದು ತಡವಾಗಿ ಹೊಳೆಯಿತು. ಕೊನೆಗೆ ಸೆಕೆಂಡಿನ ಮುಳ್ಳಿನ ನಡುಭಾಗದ ಮೇಲೆ ಸಾಸಿವೆಗಿಂತ ಚಿಕ್ಕದಾದ ರೊಡಿಕೋ (ಗಡಿಯಾರ ಶುಚಿಮಾಡುವ ಮೆತ್ತನೆಯ ಮೇಣದಂಥ ವಸ್ತು) ಚೂರನ್ನಿಟ್ಟು ಗಾಜು ಮುಚ್ಚಿ ತೆಗೆದಾಗ, ಆ ಚೂರು ಕಾಗದದಷ್ಟು ತೆಳ್ಳಗೆ ಚಪ್ಪಟೆಯಾಗಿತ್ತು. ಮಗುಚಿದಾಗ ಮುಳ್ಳಿನ ಅಚ್ಚು ಕೂದಲೆಳೆಯಷ್ಟು ಜಾರಿ ಗಾಜನ್ನು ಮುಟ್ಟುತ್ತಿತ್ತು.

ಈ ಕೈಗಡಿಯಾರವನ್ನು ಮೆಚ್ಚುವವರೆಲ್ಲ ಮೊದಲು ಹೇಳುವುದು ಅದರ ಡಯಲ್ ಬಗ್ಗೆಯೇ: ಬೋರಲು ಹಾಕಿದ ತಟ್ಟೆಯಂತೆ ನಡುವೆ ಎತ್ತರ, ಅಂಚಿಗೆ ಹನ್ನೆರಡು ಮುಖಗಳ ಇಳಿಜಾರು. ನಡುಭಾಗ ಎತ್ತರವಾದ್ದರಿಂದ ಮೂರು ಮುಳ್ಳುಗಳೂ ಎತ್ತರದಲ್ಲೇ ನಿಲ್ಲಬೇಕು, ಆ ಎತ್ತರಕ್ಕೆ ಎಡೆ ಕೊಡಲು ಗಾಜು ಉಬ್ಬಿರಬೇಕು. ಗೀರು ಬೀಳದ ಚಪ್ಪಟೆ ಸಫೈರ್ ಗಾಜು ಹಾಕಿಸಿ ಎಂದು ಸಲಹೆ ಕೊಡುವ ಗೆಳೆಯರಿಗೆ ನನ್ನ ಉತ್ತರ ಇದೇ. ಅಕ್ರಿಲಿಕ್ (ಪ್ಲಾಸ್ಟಿಕ್) ಗಾಜಿನ ಉಬ್ಬನ್ನು ಬಹುಕಾಲ ಬರೀ ಹಳೆಯ ಕಾಲದ ಅಂದವೆಂದು ಭಾವಿಸಿದ್ದ ನಾನು, ಅದು ಡಯಲ್‌ನ ಜೋಡಿಯೆಂಬುದನ್ನು ಈಗ ಕಣ್ಣಾರೆ ಕಂಡಿದ್ದೇನೆ.

ಅವೆನ್ಯೂ ರಸ್ತೆಯ ಬಿಡಿಭಾಗದ ವ್ಯಾಪಾರಿಯೊಬ್ಬರು ಕೊಟ್ಟ ಗಾಜಿನ ವ್ಯಾಸ ಸರಿಯಾಗಿತ್ತು, ಉಬ್ಬು ಮಾತ್ರ ತಗ್ಗಾಗಿತ್ತು. ಹಿಂದಿರುಗಿಸಲು ಹೋದಾಗ ಅವರು ಕ್ಯಾಲಿಪರ್‌ನಿಂದ ವ್ಯಾಸವನ್ನೇ ಮತ್ತೆ ಅಳೆದು ತೋರಿಸಿದರು. ಎತ್ತರವೂ ಒಂದು ಅಳತೆಯೆಂದು ಎಷ್ಟು ಹೇಳಿದರೂ ಒಪ್ಪಲಿಲ್ಲ. ಅದೇ ಅಂಗಡಿಯಲ್ಲಿ ಡಯಲ್‌ಗೆ ಹೊಸ ಬಣ್ಣ ಹಾಕಿಸಿಕೊಡುವ ಮಾತೂ ಬಂತು. ನಾನು ಒಪ್ಪಲಿಲ್ಲ. ಉಜ್ಜಿದರೆ ಆ ಹನ್ನೆರಡು ಮುಖಗಳ ಏಣುಗಳು ಮೊಂಡಾಗುತ್ತವೆ, ಅಕ್ಷರಗಳು ದಪ್ಪಗಾಗುತ್ತವೆ. ಜೇನುಬಣ್ಣಕ್ಕೆ ತಿರುಗಿದ ಈಗಿನ ಮೇಲ್ಮೈಯೇ ನನಗೆ ಇಷ್ಟ. ದಿನಾಂಕದ ಕಿಂಡಿಯಿಲ್ಲದಿರುವುದೂ ಒಳ್ಳೆಯದೇ ಆಯಿತು, ಮೂರರ ಕಡೆಯ ಇಳಿಜಾರು ಅಖಂಡವಾಗಿ ಉಳಿದಿದೆ.

ಸೆಕೆಂಡಿನ ಮುಳ್ಳನ್ನು ತುಸು ಒತ್ತಿ ಕೂರಿಸಿ ನೋಡಿದ್ದು ತಪ್ಪಾಯಿತು, ಅದು ನಿಮಿಷದ ಮುಳ್ಳಿಗೆ ಸಿಕ್ಕಿಕೊಂಡಿತು. ಪರಿಹಾರ ಸಿಕ್ಕಿದ್ದು ಹಳೆಯ ದಾಸ್ತಾನಿನ ಅಸಲಿ ಗಾಜಿನಿಂದ: ಅದರ ನಟ್ಟನಡುವೆ ಭೂತಗನ್ನಡಿಗೆ ಮಾತ್ರ ಕಾಣುವ ಪುಟ್ಟ ಒಮೆಗಾ ಚಿಹ್ನೆಯಿದೆ.

ಯಾರೋ ಹಾಕಿದ ದುಂಡು ಕೀಲಿಗುಂಡಿಯನ್ನು ತೆಗೆದು ಹತ್ತು ಮೂಲೆಯದನ್ನು ಕೂರಿಸುವುದು ಬಾಕಿಯಿದೆ. ಅದು ಸಿಗುವವರೆಗೆ ಮೇಜಿನ ಮೇಲೆ ಎಚ್‌ಎಂಟಿ ಜನತಾ ಇರುತ್ತದೆ. 1961ರಲ್ಲಿ ಸಿಟಿಜನ್ ನೆರವಿನಿಂದ ನಮ್ಮ ಬೆಂಗಳೂರಿನಲ್ಲೇ ಕೈಗಡಿಯಾರ ತಯಾರಿಸಲು ಆರಂಭಿಸಿದ ಕಾರ್ಖಾನೆಯ ಆ ಕೀಲಿ ಗಡಿಯಾರಕ್ಕೂ ಉಬ್ಬುಗಾಜೇ ಬೇಕು, ಈ ಸಲ ಎತ್ತರವನ್ನು ಅಳೆದೇ ಕೊಳ್ಳುತ್ತೇನೆ.

ಇಂದು ಬೆಳಿಗ್ಗೆ ನೋಡಿದಾಗ, ರಾತ್ರಿಯಿಡೀ ಬೋರಲು ಮಲಗಿದ್ದ ಕಾನ್‌ಸ್ಟಲೇಶನ್ ನಾಲ್ಕು ಸೆಕೆಂಡು ಮುಂದಿತ್ತು.