ಅಜ್ಜಿ ಸೊಂಟ ಮುಟ್ಟಿ ತೋರಿಸಿದ್ದು

ಮಳೆಗಾಲ ಶುರುವಾದರೆ ದಾವಣಗೆರೆಯಲ್ಲಿ ಕೂತ ನನಗೆ ಹರಿಹರದ್ದೇ ಯೋಚನೆ. ನಮ್ಮಲ್ಲಿ ಬಿಸಿಲಿದ್ದರೂ ಅಲ್ಲಿ ಹೊಳೆ ಏರಬಹುದು. ಮಳೆ ಬೀಳುವುದು ಮಲೆನಾಡಿನಲ್ಲಿ ಅಲ್ವಾ? ಗಾಜನೂರಿನ ತುಂಗಾ ಅಣೆಕಟ್ಟು ಸಣ್ಣದು, ಬೇಗ ತುಂಬುತ್ತದೆ, ಬಿಟ್ಟ ನೀರು ಕೂಡಲಿಯಲ್ಲಿ ಭದ್ರೆಯ ಜೊತೆ ಸೇರಿ ಹೊನ್ನಾಳಿ ದಾಟಿ ಹರಿಹರಕ್ಕೆ ಬರುತ್ತದೆ. ಹೊನ್ನಾಳಿಯ ಬಾಲರಾಜ್ ಘಾಟ್, ಹರಿಹರದ ಗಂಗಾನಗರ, ಉಕ್ಕಡಗಾತ್ರಿ ರಸ್ತೆ. ಪ್ರತಿ ಸಲ ಕೇಳುವ ಹೆಸರುಗಳು ಇವೇ.

ಹೋದ ವರ್ಷ ಗೆಳೆಯರ ಜೊತೆ ಹೊಳೆದಂಡೆಯ ಒಂದು ಓಣಿಯಲ್ಲಿ ಮನೆಮನೆ ಸುತ್ತಿದೆವು. ನೀರು ಎಲ್ಲಿತನಕ ಬಂದಿತ್ತು ಅಂತ ಕೇಳಿ ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನುವ, ಇಂಟರ್‌ನೆಟ್ಟಿನಲ್ಲಿ ಯಾರು ಬೇಕಾದರೂ ನೋಡಿ ತಿದ್ದಬಹುದಾದ ನಕ್ಷೆಯ ಮೇಲೆ ಗುರುತು ಮಾಡುವ ಕೆಲಸ. ಒಬ್ಬ ಅಜ್ಜಿ ಎದ್ದು ನಿಂತು ಸೊಂಟ ಮುಟ್ಟಿದರು. "2019ರಾಗ ಇಲ್ಲಿತನ ಬಂದಿತ್ತು ನೋಡಪ್ಪಾ." ಮಣ್ಣಿನ ಗೋಡೆ, ಕೆಳಗೆ ಮುಟ್ಟಿದರೆ ಉದುರುತ್ತದೆ. ರೇಷನ್ ಕಾರ್ಡು, ಆಧಾರ್, ಪಾಸ್‌ಬುಕ್ಕು ಎಲ್ಲ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಜಂತಿಗೆ ನೇತುಹಾಕಿದ್ದರು. ಪಕ್ಕದ್ದು ಆರ್‌ಸಿಸಿ ಮನೆ, ಮೇಲೆ ಹತ್ತೋಕೆ ಮೆಟ್ಟಿಲಿದೆ. ಎರಡೂ ಮನೆಗೆ ಬಂದದ್ದು ಒಂದೇ ನೀರು, ಉಪಗ್ರಹದ ನಕ್ಷೆಯಲ್ಲಿ ಎರಡಕ್ಕೂ ಒಂದೇ ನೀಲಿ ಬಣ್ಣ.

ಇದೇ ನನಗೆ ತಡೆಯಲಾಗದ್ದು. ಉಪಗ್ರಹದ ನಕ್ಷೆ ಬೇಡ ಅಂತಲ್ಲ, ಖಂಡಿತ ಬೇಕು. ಸೆಂಟಿನೆಲ್-1 ಅನ್ನುವ ಉಪಗ್ರಹದ ರೇಡಾರ್ ಮೋಡ ಕವಿದಿದ್ದರೂ, ರಾತ್ರಿಯಾದರೂ ನೀರು ನಿಂತ ಜಾಗ ತೋರಿಸುತ್ತದೆ. ಆದರೆ ಆ ನೀರಿನಲ್ಲಿ ನಡೆಯೋಕಾಗದವರು ಯಾರು, ಬಾಡಿಗೆಯವರು ಯಾರು, ಎಮ್ಮೆ ಬಿಟ್ಟು ಕಾಳಜಿ ಕೇಂದ್ರಕ್ಕೆ ಬರಲ್ಲ ಅನ್ನುವವರು ಯಾರು, ಅದು ಓಣಿಯವರಿಗೆ ಮಾತ್ರ ಗೊತ್ತು. ತಾಂಜಾನಿಯಾದ ದಾರ್ ಎಸ್ ಸಲಾಮ್‌ನಲ್ಲಿ 2015ರಿಂದ ರಮಾನಿ ಹುರಿಯಾ ಅನ್ನುವ ಕೆಲಸ ನಡೆಯಿತು. ಕಾಲೇಜು ಹುಡುಗರು ಅಲ್ಲಿನ ನಿವಾಸಿಗಳ ಜೊತೆ ನಡೆದು ಮನೆ, ದಾರಿ, ಚರಂಡಿ ಎಲ್ಲ ಗುರುತಿಸಿದರು. ಆ ಹೆಸರಿನ ಅರ್ಥ ಸ್ವಾಹಿಲಿಯಲ್ಲಿ 'ಮುಕ್ತ ನಕ್ಷೆ'. ನಮ್ಮ ಹೊಳೆಸಾಲಿನ ಊರುಗಳಿಗೂ ಹಾಗೆ ನಡೆದು ಮಾಡಿದ ನಕ್ಷೆಯೇ ಬೇಕು. ಹಾಂ, ಚರಂಡಿ, ದಾರಿ ಎಲ್ಲರಿಗೂ ಕಾಣಲಿ. ಯಾವ ಮನೆಯಲ್ಲಿ ಯಾರು ಒಂಟಿ ಅನ್ನೋದನ್ನು ಮಾತ್ರ ಇಂಟರ್‌ನೆಟ್ಟಿಗೆ ಹಾಕಬಾರದು. ಅದು ನಮ್ಮ ನೋಟ್‌ಬುಕ್ಕಿನಲ್ಲೇ ಇದೆ.

ಹೋದ ಸಲ ಒಂದು ಪ್ರಶ್ನೆ ಜಾಸ್ತಿ ಸೇರಿಸಿದ್ದೆವು. ರಾತ್ರಿ ನೀರು ಬಂದರೆ ನಿಮ್ಮನ್ನ ಯಾರು ಎತ್ಕೊಂಡು ಹೋಗ್ತಾರೆ? ಅಜ್ಜಿ ಎದುರು ಮನೆ ಹುಡುಗನ ಹೆಸರು ಹೇಳಿದ್ದರು, ಬರೆದುಕೊಂಡಿದ್ದೆ. ಈ ಜೂನ್‌ನಲ್ಲಿ ಮತ್ತೆ ಹೋದಾಗ ಎದುರು ಮನೆಗೆ ಬೀಗ. ಹುಡುಗ ಬೆಂಗಳೂರಿಗೆ ಕೆಲಸಕ್ಕೆ ಹೋಗಿದ್ದಾನೆ. ಆ ಹೆಸರು ಹೊಡೆದು ಹಾಕಿ, ಓಣಿಯಲ್ಲಿ ಇನ್ಯಾರು ಬರ್ತೀರಿ ಅಂತ ಕೇಳುತ್ತಾ ಮತ್ತೆ ಮನೆಮನೆ ಸುತ್ತಿದೆವು.